ಎಂಎಸ್ಸಿ ಬಯೋಟೆಕ್ನಾಲಜಿ ಆದ ಮೇಲೆ ಎಲ್‌ಎಲ್‌ಬಿ: ಔಷಧ ಪೇಟೆಂಟ್ ದಾವೆಗಳ ವಕೀಲಿಕೆ ಹೇಗಿರುತ್ತದೆ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂಎಸ್ಸಿ ಬಯೋಟೆಕ್ನಾಲಜಿ ಮುಗಿಸಿ ಈಗ ಬೆಂಗಳೂರಿನ ಒಂದು ಸಂಶೋಧನಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಪ್ರೋಟೀನ್ ಶುದ್ಧೀಕರಣ ನನ್ನ ವಿಭಾಗ. ಕಂಪನಿಯಲ್ಲಿ ಪೇಟೆಂಟ್ ಬಗ್ಗೆ ಒಂದು ತರಬೇತಿ ನಡೆಯಿತು. ಪಾಠ ಮಾಡಲು ಬಂದ ವಕೀಲರು ಒಂದು ಮಾದರಿ ಲ್ಯಾಬ್ ನೋಟ್‌ಬುಕ್ಕಿನ ಪುಟ ತೋರಿಸಿ ಕೇಳಿದ ಪ್ರಶ್ನೆಗಳನ್ನು ನನ್ನ ಪ್ರೊಫೆಸರರು ಕೂಡ ಎಂದೂ ಕೇಳಿರಲಿಲ್ಲ. ಈ ಪ್ರಯೋಗವನ್ನು ಯಾವುದರೊಂದಿಗೆ ಹೋಲಿಸಿದಿರಿ, ಅದರೊಂದಿಗೇ ಏಕೆ, ಇನ್ನೊಂದರೊಂದಿಗೆ ಏಕೆ ಹೋಲಿಸಲಿಲ್ಲ ಎಂದು ಬಿಡದೆ ಕೇಳಿದರು. ಅಂದಿನಿಂದ ಈ ವೃತ್ತಿಯ ಮೇಲೆ ಮನಸ್ಸು ನೆಟ್ಟಿದೆ.

ನನ್ನ ಪ್ರಶ್ನೆಗಳು ಇವು. ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆದರೆ ಸಾಕೇ ಅಥವಾ ಮೂರು ವರ್ಷದ ಎಲ್‌ಎಲ್‌ಬಿ ಮಾಡಲೇಬೇಕೇ? ಇಂಥ ದಾವೆಗಳಿಗಾಗಿ ದೆಹಲಿಗೆ ಹೋಗುವುದು ಅನಿವಾರ್ಯವೇ? ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದೆ, ಈಗ ಮತ್ತೆ ಕಾಲೇಜೇ ಎಂದು ಅಪ್ಪ ಕೇಳುತ್ತಾರೆ. ಕೊನೆಯದು, ನನ್ನನ್ನು ಹೆಚ್ಚು ಕಾಡುವುದು: ದುಬಾರಿ ಔಷಧ ದುಬಾರಿಯಾಗಿಯೇ ಉಳಿಯಲಿ ಎಂದು ವಾದಿಸುವ ಕಡೆ ನಿಲ್ಲಬೇಕಾಗಿ ಬಂದರೆ?

ಜಯನಗರ ನಾಲ್ಕನೇ ಬ್ಲಾಕ್:
ಮೊದಲ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ನಾನೇ ಪೇಟೆಂಟ್ ಏಜೆಂಟ್. ವಿಜ್ಞಾನದ ಪದವಿ ಇದ್ದು 21 ವರ್ಷ ತುಂಬಿದ ಭಾರತೀಯ ನಾಗರಿಕರು ಈ ಪರೀಕ್ಷೆ ಬರೆಯಬಹುದು, ಕಾನೂನು ಪದವಿ ಬೇಕಿಲ್ಲ. ಪಾಸಾದರೆ ಪೇಟೆಂಟ್ ಕಚೇರಿಯ ಮುಂದೆ ಅರ್ಜಿ ಹಾಕಬಹುದು, ಪರೀಕ್ಷಕರ ಆಕ್ಷೇಪಗಳಿಗೆ ಉತ್ತರ ಕೊಡಬಹುದು, ವಿಚಾರಣೆಯಲ್ಲಿ ಮಾತನಾಡಬಹುದು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಆದರೆ ಹೈಕೋರ್ಟಿನಲ್ಲಿ ದಾವೆ ನಡೆಸಲು ಎಲ್‌ಎಲ್‌ಬಿ ಮುಗಿಸಿ ಪಡೆಯುವ ವಕೀಲರ ಸನ್ನದು ಬೇಕೇ ಬೇಕು. ದೂರಶಿಕ್ಷಣದ ಎಲ್‌ಎಲ್‌ಬಿ ಇದಕ್ಕೆ ನಡೆಯುವುದಿಲ್ಲ. ಪೂರ್ಣಾವಧಿಯ ಸಂಬಳದ ನೌಕರಿಯಲ್ಲಿದ್ದುಕೊಂಡು ವಕೀಲರಾಗಿ ಪ್ರಾಕ್ಟೀಸ್ ಮಾಡಲು ಬಾರ್ ಕೌನ್ಸಿಲ್ ನಿಯಮವೂ ಬಿಡುವುದಿಲ್ಲ. ಆದ್ದರಿಂದ ಒಂದಲ್ಲ ಒಂದು ದಿನ ರಾಜೀನಾಮೆ ಕೊಡಲೇಬೇಕು, ಅದನ್ನು ಮನೆಯವರಿಗೆ ಈಗಲೇ ಹೇಳಿಬಿಡಿ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಆನರ್ಸ್ ಇದೆ, ಪ್ರವೇಶ ಪರೀಕ್ಷೆ ಬೇರೆ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳು ನಿಮ್ಮ ಊರಿನಲ್ಲಿಯೂ ಇವೆ. ನನ್ನ ಸಲಹೆ: ಈಗ ಕೆಲಸದಲ್ಲಿರುವಾಗಲೇ ಏಜೆಂಟ್ ಪರೀಕ್ಷೆ ಮುಗಿಸಿ. ಪೇಟೆಂಟ್ ಬರೆದು ಅಭ್ಯಾಸವಿದ್ದವರು ಅದನ್ನು ಕೋರ್ಟಿನಲ್ಲಿ ಒಡೆಯುವುದನ್ನೂ ಕಾಯುವುದನ್ನೂ ಬೇಗ ಕಲಿಯುತ್ತಾರೆ.

ತುಂಗಾತೀರ:
ನಾನು ಶಿವಮೊಗ್ಗದವಳು. ದೆಹಲಿ ಹೈಕೋರ್ಟಿನಲ್ಲಿ ಔಷಧ ಪೇಟೆಂಟ್ ದಾವೆಗಳನ್ನು ನಡೆಸುತ್ತೇನೆ. ಔಷಧ ಕಂಡುಹಿಡಿದ ಮೂಲ ಕಂಪನಿಗಳ ಪರವಾಗಿಯೂ ಅದೇ ಔಷಧವನ್ನು ಅಗ್ಗವಾಗಿ ತಯಾರಿಸುವ ಜೆನೆರಿಕ್ ತಯಾರಕರ ಪರವಾಗಿಯೂ ವಕಾಲತ್ತು ಹಾಕಿದ್ದೇನೆ. ನೀವು ಕೇಳಿರುವುದು ಒಬ್ಬರ ಬದುಕಿನ ದಾರಿಯ ವಿಷಯ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ತರಬೇತಿಯಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ಆ ಪ್ರಶ್ನೆ, ಯಾವುದರೊಂದಿಗೆ ಹೋಲಿಸಿದಿರಿ ಎಂಬುದು, ಈ ದೇಶದ ಅತಿ ಪ್ರಸಿದ್ಧ ಔಷಧ ಪ್ರಕರಣದ ನಡುವೆಯೇ ಕೂತಿದೆ. ರಕ್ತದ ಕ್ಯಾನ್ಸರಿನ ಔಷಧ ಇಮಾಟಿನಿಬ್ ಮೆಸಿಲೇಟಿನ ಬೀಟಾ ಸ್ಫಟಿಕ ರೂಪಕ್ಕೆ ಪೇಟೆಂಟ್ ಕೊಡಿ ಎಂದು ನೊವಾರ್ಟಿಸ್ 1998ರಲ್ಲಿ ಚೆನ್ನೈನಲ್ಲಿ ಅರ್ಜಿ ಹಾಕಿತು. ಆಗ ನಮ್ಮಲ್ಲಿ ಔಷಧಕ್ಕೆ ಉತ್ಪನ್ನ ಪೇಟೆಂಟ್ ಇರಲಿಲ್ಲ. ಅದು ಬಂದದ್ದು 2005ರ ಜನವರಿ 1ರಿಂದ. ಅದರ ಜೊತೆಗೇ ಬಂದದ್ದು ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ)ಯ ಈಗಿನ ರೂಪ: ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದರ ಪರಿಣಾಮಕಾರಿತ್ವ ಹೆಚ್ಚಿದೆ ಎಂದು ತೋರಿಸಬೇಕು. ಕಂಪನಿ ಇಲಿಗಳ ಮೇಲಿನ ಪ್ರಯೋಗ ತೋರಿಸಿ ಜೈವಿಕ ಲಭ್ಯತೆ, ಅಂದರೆ ಔಷಧ ರಕ್ತಕ್ಕೆ ಸೇರುವ ಪ್ರಮಾಣ, ಶೇಕಡಾ 30ರಷ್ಟು ಹೆಚ್ಚಿದೆ ಎಂದಿತು. ಆದರೆ ಹೋಲಿಕೆ ನಡೆದದ್ದು ಇಮಾಟಿನಿಬ್ ಫ್ರೀ ಬೇಸ್ ಜೊತೆ, ಅಂದರೆ ಲವಣವಾಗಿಸದ ಮೂಲ ರೂಪದ ಜೊತೆ. ಮೊದಲೇ ಗೊತ್ತಿದ್ದ ವಸ್ತು ಅದರ ಲವಣವಾದ ಇಮಾಟಿನಿಬ್ ಮೆಸಿಲೇಟ್. ಅದರೊಂದಿಗೆ ಹೋಲಿಸಿದ ಅಂಕಿಗಳು ಕಡತದಲ್ಲಿ ಇರಲಿಲ್ಲ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠ ಅರ್ಜಿಯನ್ನು ತಳ್ಳಿಹಾಕಿತು. ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ನಿಮಗೆ ಆ ಕೊರತೆ ಓದಿದ ತಕ್ಷಣ ಕಾಣುತ್ತದೆ. ನಿಮ್ಮ ಎಂಎಸ್ಸಿಗೆ ಇಲ್ಲಿ ಬೆಲೆ ಇರುವುದು ಇದೇ ಕಾರಣಕ್ಕೆ.

ಆ ತೀರ್ಪಿನಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಓದಿದಾಗಲೇ ಈ ವೃತ್ತಿ ಏನೆಂದು ನನಗೆ ಅರ್ಥವಾದದ್ದು. ಇದೇ ಕಂಪನಿ ಬ್ರಿಟನ್ನಿನಲ್ಲಿ ಹೈದರಾಬಾದಿನ ನ್ಯಾಟ್ಕೋದ ಇಮಾಟಿನಿಬ್ ಮೆಸಿಲೇಟ್ ಔಷಧವನ್ನು ತಡೆಯಲು ಇಮಾಟಿನಿಬ್ ಮೇಲಿನ ತನ್ನ ಹಳೆಯ ಜಿಮ್ಮರ್‌ಮನ್ ಪೇಟೆಂಟನ್ನು ಆಧರಿಸಿ ನೋಟಿಸ್ ಕಳುಹಿಸಿತ್ತು. ಅಮೆರಿಕದಲ್ಲಿ ಪೇಟೆಂಟ್ ಅವಧಿ ವಿಸ್ತರಣೆ ಕೇಳಿದಾಗಲೂ ಅದೇ ಹಳೆಯ ಪೇಟೆಂಟನ್ನು ಮುಂದಿಟ್ಟಿತ್ತು. ಇಲ್ಲಿ ಬಂದು ಆ ಹಳೆಯ ಪೇಟೆಂಟಿನಲ್ಲಿ ಮೆಸಿಲೇಟ್ ಲವಣ ಬಹಿರಂಗವಾಗಿಲ್ಲ ಎಂದರೆ ನ್ಯಾಯಾಲಯ ಹೇಗೆ ಒಪ್ಪೀತು?

ದೆಹಲಿಯಲ್ಲಿ ಆಸ್ಟ್ರಾಜೆನೆಕಾದ ಡಾಪಾಗ್ಲಿಫ್ಲೊಜಿನ್ ವಿಷಯದಲ್ಲಿಯೂ ಹೀಗೆಯೇ ಆಯಿತು. ಸಕ್ಕರೆ ಕಾಯಿಲೆಯ ಈ ಔಷಧದ ಮೇಲೆ ಎರಡು ಪೇಟೆಂಟ್‌ಗಳಿದ್ದವು. ಒಂದು ಇಡೀ ರಾಸಾಯನಿಕ ಕುಟುಂಬಕ್ಕೆ ಸೇರಿದ್ದು, 2020ರ ಅಕ್ಟೋಬರಿನಲ್ಲಿ ಅವಧಿ ಮುಗಿದದ್ದು. ಇನ್ನೊಂದು ಆ ನಿರ್ದಿಷ್ಟ ಅಣುವಿನದು, 2023ರವರೆಗೆ ಇದ್ದದ್ದು. ಒಂದೇ ಮಾತ್ರೆ ಎರಡೂ ಪೇಟೆಂಟ್‌ಗಳನ್ನು ಉಲ್ಲಂಘಿಸುತ್ತದೆ ಎಂದು ಕಂಪನಿಯ ದಾವೆಯೇ ಹೇಳಿತ್ತು. ಹಾಗಾದರೆ ಒಂದೇ ಆವಿಷ್ಕಾರಕ್ಕೆ ಎರಡು ಪೇಟೆಂಟ್ ಹೇಗೆ ಎಂದು ವಿಭಾಗೀಯ ಪೀಠ ಕೇಳಿತು. 2021ರ ಜುಲೈನಲ್ಲಿ ತಡೆಯಾಜ್ಞೆ ನಿರಾಕರಣೆಯನ್ನು ಎತ್ತಿಹಿಡಿಯಿತು.

ನಮ್ಮ ನಿಜವಾದ ಕೆಲಸ ಇಲ್ಲಿದೆ. ಒಂದು ಕಂಪನಿ ಒಂದು ಅಣುವಿನ ಬಗ್ಗೆ ಎಲ್ಲೆಲ್ಲಿ ಏನೇನು ಬರೆದುಕೊಟ್ಟಿದೆ ಎಂದು ಹುಡುಕಿ ಓದುವುದು. ವಿದೇಶಿ ಅರ್ಜಿಗಳು, ಪರೀಕ್ಷಕರಿಗೆ ಕೊಟ್ಟ ಉತ್ತರಗಳು, ಔಷಧ ನಿಯಂತ್ರಕರಿಗೆ ಕೊಟ್ಟ ಹೇಳಿಕೆಗಳು, ಪೇಟೆಂಟನ್ನು ಭಾರತದಲ್ಲಿ ಎಷ್ಟರಮಟ್ಟಿಗೆ ಬಳಕೆಗೆ ತಂದಿದ್ದೇವೆ ಎಂದು ತುಂಬಿಕೊಡುವ ಫಾರಂ 27. ಜೂನಿಯರ್ ಆಗಿ ನೀವು ಮಾಡುವುದೂ ಬಹುಪಾಲು ಇದನ್ನೇ. ಕ್ಲೇಮ್‌ಗಳ, ಅಂದರೆ ಪೇಟೆಂಟ್ ಯಾವುದರ ಮೇಲೆ ಹಕ್ಕು ಕೇಳುತ್ತದೆ ಎಂಬ ವಾಕ್ಯಗಳ, ಪಟ್ಟಿ ತಯಾರಿಸುವುದು, ದಿನಾಂಕಗಳ ಸರಣಿ ಜೋಡಿಸುವುದು, ತಜ್ಞರ ಪ್ರಮಾಣಪತ್ರದ ಪ್ರತಿ ವಾಕ್ಯಕ್ಕೂ ಆಧಾರ ಹುಡುಕುವುದು. ಪೇಟೆಂಟ್ ಇರುವ ಕಂಪನಿಯೇ ನಿಮ್ಮ ಕಕ್ಷಿದಾರರಾಗಿದ್ದಾಗ ಇದು ಇನ್ನೂ ಮುಖ್ಯ. ಎದುರು ಪಕ್ಷದವರು ಕಂಡುಹಿಡಿಯುವ ಮೊದಲು ನೀವು ಆ ಕಾಗದವನ್ನು ನೋಡಿರಬೇಕು. ದಾವೆ ಹಾಕಬೇಡಿ ಎಂದು ಹೇಳುವ ಧೈರ್ಯ ಬರುವುದು ಆಗ.

ಕಾಗದ ಸಿಕ್ಕಿದ ಕೂಡಲೇ ಗೆಲುವು ಎಂದುಕೊಳ್ಳಬೇಡಿ. ರೋಷ್ ಮತ್ತು ಸಿಪ್ಲಾ ನಡುವಿನ ಎರ್ಲೋಟಿನಿಬ್ ದಾವೆಯನ್ನು ಪೂರ್ತಿ ಓದಿ. ಶ್ವಾಸಕೋಶದ ಕ್ಯಾನ್ಸರಿನ ಔಷಧ. ರೋಷ್ ಮಾತ್ರೆಗೆ 4,800 ರೂಪಾಯಿ, ಸಿಪ್ಲಾದ್ದು 1,600. 2008ರಲ್ಲಿ ನ್ಯಾಯಮೂರ್ತಿ ರವೀಂದ್ರ ಭಟ್ ಸಾರ್ವಜನಿಕ ಹಿತವನ್ನೂ ತೂಗಿ ಮಧ್ಯಂತರ ತಡೆಯಾಜ್ಞೆ ನಿರಾಕರಿಸಿದರು. ಮಾರುಕಟ್ಟೆಯಲ್ಲಿರುವುದು ಆ ಔಷಧದ ಒಂದು ಸ್ಫಟಿಕ ರೂಪವಾದ ಪಾಲಿಮಾರ್ಫ್ ಬಿ, ಅದಕ್ಕೆ ರೋಷ್ ತಾನೇ ಬೇರೆ ಅರ್ಜಿ ಹಾಕಿ ಸೋತಿದೆ, ಆದ್ದರಿಂದ ಮೊದಲ ಪೇಟೆಂಟ್ ಇದಕ್ಕೆ ಅನ್ವಯಿಸದು ಎಂಬುದು ಸಿಪ್ಲಾದ ವಾದವಾಗಿತ್ತು. 2012ರಲ್ಲಿ ಏಕಸದಸ್ಯ ಪೀಠ ಒಪ್ಪಿತು. 2015ರ ನವೆಂಬರಿನಲ್ಲಿ ವಿಭಾಗೀಯ ಪೀಠ ತಿರುಗಿಸಿತು: ಕ್ಲೇಮಿನಲ್ಲಿ ಬರೆದಿರುವುದು ಆ ಸಂಯುಕ್ತ ವಸ್ತು, ಅದು ಯಾವ ಸ್ಫಟಿಕ ರೂಪದಲ್ಲಿದ್ದರೂ ಉಲ್ಲಂಘನೆಯೇ. ಆ ಹೊತ್ತಿಗೆ ಪೇಟೆಂಟ್ ಮುಗಿಯಲು ಕೆಲವೇ ತಿಂಗಳು ಉಳಿದಿತ್ತು. ತಡೆಯಾಜ್ಞೆ ಕೊಟ್ಟು ಪ್ರಯೋಜನವಿಲ್ಲವೆಂದು ಸಿಪ್ಲಾ ತನ್ನ ಮಾರಾಟದ ಲೆಕ್ಕ ಒಪ್ಪಿಸಲು ಆದೇಶವಾಯಿತು. ನಮ್ಮ ನ್ಯಾಯಾಲಯಗಳಲ್ಲಿ ಮಧ್ಯಂತರ ಹಂತದ ಮೇಲೆಯೇ ಎಲ್ಲರೂ ಜೀವ ಬಿಡುವುದು ಏಕೆ ಎಂಬುದು ಇದರಿಂದ ತಿಳಿಯುತ್ತದೆ.

ದೆಹಲಿಯ ವಿಷಯ: ದೊಡ್ಡ ಔಷಧ ದಾವೆಗಳು ಹೆಚ್ಚಾಗಿ ಇಲ್ಲಿಯೇ ನಡೆಯುತ್ತವೆ. 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಇಲ್ಲಿನ ಹೈಕೋರ್ಟು ಪ್ರತ್ಯೇಕ ಬೌದ್ಧಿಕ ಆಸ್ತಿ ವಿಭಾಗ ಮಾಡಿಕೊಂಡಿತು. ಮದ್ರಾಸ್ ಹೈಕೋರ್ಟಿನಲ್ಲಿಯೂ ಈಗ ಅಂಥ ವಿಭಾಗವಿದೆ. ಚೆನ್ನೈ ನಿಮಗೆ ಹತ್ತಿರವೂ ಹೌದು, ಪೇಟೆಂಟ್ ಕಚೇರಿಯ ಆದೇಶಗಳ ಮೇಲ್ಮನವಿಗಳೂ ಅಲ್ಲಿ ಬರುತ್ತವೆ. ದೆಹಲಿಯನ್ನೇ ಹಿಡಿದು ಕೂರಬೇಡಿ. ಯಾವ ಊರಾದರೂ ಮೊದಲ ಕೆಲವು ವರ್ಷ ಕೈಗೆ ಬರುವುದು ನಿಮ್ಮ ಈಗಿನ ಸಂಬಳಕ್ಕಿಂತ ಕಡಿಮೆಯಿದ್ದರೆ ಆಶ್ಚರ್ಯಪಡಬೇಡಿ.

ಕೊನೆಯ ಪ್ರಶ್ನೆಗೆ ನಾಳೆ ಬರೆಯುತ್ತೇನೆ. ಅದಕ್ಕೆ ಅವಸರದ ಉತ್ತರ ಕೊಡಲಾರೆ.

ಹೇಮಾವತಿ:
ಕೊನೆಯ ಪ್ರಶ್ನೆಗೆ ವಕೀಲರಲ್ಲದ ನಾನು ಒಂದು ಮಾತು ಹೇಳಬಹುದೇ? ನನ್ನ ಅಕ್ಕನ ಮಗನಿಗೆ ಎಸ್‌ಎಂಎ ಇದೆ. ಸ್ನಾಯುಗಳ ಶಕ್ತಿ ಕುಂದುತ್ತ ಹೋಗುವ ಆನುವಂಶಿಕ ಕಾಯಿಲೆ. ರಿಸ್ಡಿಪ್ಲಾಮ್ ಎಂಬ ಔಷಧದ ಬಾಟಲಿಗೆ 6 ಲಕ್ಷ ರೂಪಾಯಿಯ ಆಸುಪಾಸು ಬೆಲೆ ಇತ್ತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ನ್ಯಾಟ್ಕೋ ವಿರುದ್ಧ ರೋಷ್ ಕೇಳಿದ್ದ ತಡೆಯಾಜ್ಞೆಯನ್ನು ನಿರಾಕರಿಸಿತು, ಅಕ್ಟೋಬರಿನಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು, ಅದೇ ತಿಂಗಳು ಸುಪ್ರೀಂ ಕೋರ್ಟು ಮಧ್ಯಪ್ರವೇಶಿಸಲಿಲ್ಲ. ನ್ಯಾಟ್ಕೋ ತನ್ನ ಔಷಧಕ್ಕೆ 15,900 ರೂಪಾಯಿ ಬೆಲೆ ಪ್ರಕಟಿಸಿತು. ನಡುವಿನ ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ವಿಚಾರಣೆಯ ದಿನಾಂಕಗಳನ್ನೇ ಎಣಿಸುತ್ತಿದ್ದರು. ಇಡೀ ರಾಸಾಯನಿಕ ಕುಟುಂಬದ ಪೇಟೆಂಟ್, ನಿರ್ದಿಷ್ಟ ಅಣುವಿನ ಪೇಟೆಂಟ್ ಎಂಬ ಮಾತುಗಳು ನನ್ನ ಅಕ್ಕನಿಗೆ ಬಾಯಿಪಾಠವಾಗಿದ್ದವು.

ಆ ಔಷಧವನ್ನು ಕಂಡುಹಿಡಿದ ವಿಜ್ಞಾನಿಗಳಿಗೆ ನಾವು ಋಣಿಗಳು. ಅದು ಇಲ್ಲದಿದ್ದರೆ ಅಗ್ಗದ್ದೂ ಇರುತ್ತಿರಲಿಲ್ಲ. ಆದರೂ ಹೇಳುತ್ತೇನೆ, ನೀವು ಯಾವ ಕಡೆ ನಿಂತರೂ ಮುಂದೂಡಿಕೆ ಕೇಳುವ ಮುನ್ನ ಒಂದು ಕ್ಷಣ ಯೋಚಿಸಿ. ಒಂದು ತಿಂಗಳ ಮುಂದಿನ ದಿನಾಂಕ ಎಂದರೆ ಆ ಕಾಯಿಲೆಯ ಮಗುವಿಗೆ ಒಂದು ತಿಂಗಳು ಕಳೆದುಕೊಂಡಂತೆ.

ಜಿಗಣಿ ರಸ್ತೆ:
ಹೇಮಾವತಿಯವರೇ, ನಿಮ್ಮ ಮಾತನ್ನು ಗೌರವದಿಂದ ಓದಿದೆ. ನಾನು ಔಷಧ ಕಂಪನಿಯೊಂದರ ಕಾನೂನು ವಿಭಾಗದಲ್ಲಿದ್ದೇನೆ. ಮೂಲ ಕಂಪನಿ ಎಂದರೆ ಖಳನಾಯಕ, ಜೆನೆರಿಕ್ ಎಂದರೆ ನಾಯಕ ಎಂಬ ವಿಭಜನೆ ಬೆಂಗಳೂರಿಗೆ ಈಗ ಹೊಂದುವುದಿಲ್ಲ. ನಮ್ಮ ಕಂಪನಿ ಒಂದು ಕಡೆ ಬಯೋಸಿಮಿಲರ್, ಅಂದರೆ ಜೀವಕೋಶಗಳಿಂದ ಪಡೆಯುವ ಔಷಧಕ್ಕೆ ಸರಿಸಮವಾದ ಇನ್ನೊಂದು ಔಷಧ, ತಯಾರಿಸುತ್ತದೆ, ಇನ್ನೊಂದು ಕಡೆ ಸ್ವಂತ ಅಣುಗಳಿಗೆ ಪೇಟೆಂಟ್ ಕೇಳುತ್ತದೆ. ಬೆಳಿಗ್ಗೆ ಒಬ್ಬರ ಪೇಟೆಂಟ್ ಅಸಿಂಧು ಎಂದು ಟಿಪ್ಪಣಿ ಬರೆದು ಮಧ್ಯಾಹ್ನ ನಮ್ಮದನ್ನು ಸಮರ್ಥಿಸುವ ದಿನಗಳಿವೆ. ಎರಡನ್ನೂ ಪ್ರಾಮಾಣಿಕವಾಗಿ ಮಾಡಬಹುದು.

ಇನ್ನೊಂದು ವಿಷಯ, ವಿವಾದ ಎಂದರೆ ಪೇಟೆಂಟ್ ಮಾತ್ರವಲ್ಲ. ಬಯೋಕಾನ್ 2014ರಲ್ಲಿ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬ್ ಬಯೋಸಿಮಿಲರನ್ನು ಬಿಡುಗಡೆ ಮಾಡಿದಾಗ ರೋಷ್ ದೆಹಲಿಯಲ್ಲಿ ದಾವೆ ಹಾಕಿತು. ಅದಕ್ಕೂ ಮೊದಲೇ ಆ ಔಷಧದ ಭಾರತೀಯ ಪೇಟೆಂಟನ್ನು ರೋಷ್ ಕೈಬಿಟ್ಟಿತ್ತು. ಜಗಳವೆಲ್ಲ ಇದನ್ನು ಬಯೋಸಿಮಿಲರ್ ಎಂದು ಕರೆಯಬಹುದೇ, ಅನುಮತಿಗೆ ಬೇಕಾದ ಪರೀಕ್ಷೆಗಳು ನಡೆದಿವೆಯೇ, ಪೊಟ್ಟಣದೊಳಗಿನ ಮಾಹಿತಿ ಹಾಳೆಯಲ್ಲಿ ಯಾರ ದತ್ತಾಂಶವಿದೆ ಎಂಬುದರ ಮೇಲೆ. ಪ್ರೋಟೀನ್ ಶುದ್ಧೀಕರಣ ಬಲ್ಲವರಿಗೆ ಮುಂದಿನ ವರ್ಷಗಳಲ್ಲಿ ಇಂಥ ಕೆಲಸ ಹೆಚ್ಚುತ್ತದೆ ಎಂದು ನನ್ನ ಎಣಿಕೆ.

ಹಾಗೆಯೇ, ಈಗಿನ ಕಂಪನಿಯ ಗೋಪ್ಯತಾ ಒಪ್ಪಂದವನ್ನು ಬಿಡುವ ಮುನ್ನ ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ಮುಂದೆ ಯಾರ ವಿರುದ್ಧ ನೀವು ನಿಲ್ಲಬಾರದು ಎಂಬುದು ಅದರಿಂದ ಗೊತ್ತಾಗುತ್ತದೆ.

ಧಾರವಾಡಿಗ:
ಔಷಧದ ಮಾತೇ ನಡೆದಿದೆ. ಜೀವವಿಜ್ಞಾನ ಎಂದರೆ ಹೊಲವೂ ಹೌದು. ನಾನು ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವನು. ಕೀಟ ತಡೆಯುವ ಜೀನ್ ಸೇರಿಸಿದ ಬಿಟಿ ಬದನೆಗಾಗಿ ನಮ್ಮ ಮಾಳಾಪುರ, ಮಾಂಜರಿ ಗೋಟಾ, ಕುಡಚಿ, ರಬಕವಿ, ಉಡುಪಿಯ ಸ್ಥಳೀಯ ಬದನೆ ತಳಿಗಳನ್ನು ಬಳಸಲಾಯಿತು. ಜೀವವೈವಿಧ್ಯ ಮಂಡಳಿಗಳ ಅನುಮತಿ ಇಲ್ಲದೆ ಬಳಸಲಾಗಿದೆ ಎಂದು ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. 2002ರ ಜೀವವೈವಿಧ್ಯ ಕಾಯ್ದೆಯ ಆ ಪ್ರಕರಣ ಮುಂದೆ ಧಾರವಾಡದ ನ್ಯಾಯಾಲಯಕ್ಕೂ ಬಂತು. ಉತ್ತರ ಕರ್ನಾಟಕದ ಹಿತ್ತಿಲ ಬದನೆಕಾಯಿ ಬೌದ್ಧಿಕ ಆಸ್ತಿಯ ಜಗಳದ ನಡುವೆ ನಿಂತಿತ್ತು ಎಂಬುದು ನಮ್ಮ ಎಷ್ಟು ಕಾನೂನು ವಿದ್ಯಾರ್ಥಿಗಳಿಗೆ ಗೊತ್ತು?

ಬಿಟಿ ಹತ್ತಿಯದ್ದೂ ಹಾಗೆಯೇ. ಮಾನ್ಸಾಂಟೋ ಪೇಟೆಂಟ್, ಗಿಡ ಬೀಜಗಳಿಗೆ ಪೇಟೆಂಟ್ ಇಲ್ಲವೆನ್ನುವ ಸೆಕ್ಷನ್ 3(ಜೆ) ಪ್ರಕಾರ ನಿಲ್ಲದು ಎಂದು 2018ರಲ್ಲಿ ದೆಹಲಿ ವಿಭಾಗೀಯ ಪೀಠ ಹೇಳಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಇಂಥ ತಾಂತ್ರಿಕ ಪ್ರಶ್ನೆಯನ್ನು ಸಾಕ್ಷ್ಯವಿಲ್ಲದೆ ತೀರ್ಮಾನಿಸಲಾಗದು ಎಂದು ವಿಚಾರಣೆಗೆ ಮರಳಿಸಿತು. ಕೊನೆಗೆ ಎರಡೂ ಪಕ್ಷಗಳು ರಾಜಿಯಾದವು. ಬೀಜದೊಳಗಿನ ಜೀನ್ ಮೇಲಿನ ಹಕ್ಕು ಗಿಡದವರೆಗೂ ಹೋಗುತ್ತದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ರೈತರ ಮಕ್ಕಳು ಈ ವೃತ್ತಿಗೆ ಬರಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಎಡಿಸನ್ ಕನ್ನಡಿಗ:
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಔಷಧ ದಾವೆಗಳು 1984ರ ಹ್ಯಾಚ್-ವ್ಯಾಕ್ಸ್‌ಮನ್ ಕಾಯ್ದೆಯ ಗಡಿಯಾರದ ಪ್ರಕಾರ ಓಡುತ್ತವೆ. ಜೆನೆರಿಕ್ ಕಂಪನಿ ಪೇಟೆಂಟ್ ಅಸಿಂಧು ಎಂದು ನೋಟಿಸ್ ಕೊಟ್ಟರೆ ಮೂಲ ಕಂಪನಿ 45 ದಿನಗಳೊಳಗೆ ದಾವೆ ಹಾಕಬೇಕು. ಹಾಕಿದರೆ ಅನುಮತಿ 30 ತಿಂಗಳು ತಡೆಯಲ್ಪಡುತ್ತದೆ. ಮೊದಲು ಸವಾಲು ಹಾಕಿದವರಿಗೆ ಬೇರೆ ಜೆನೆರಿಕ್‌ಗಳ ಪೈಪೋಟಿಯಿಲ್ಲದೆ ಮಾರಲು 180 ದಿನಗಳ ವಿಶೇಷ ಅವಕಾಶ. ಹೈದರಾಬಾದ್, ಅಹಮದಾಬಾದ್, ಮುಂಬೈ, ಬೆಂಗಳೂರಿನ ಕಂಪನಿಗಳು ಇಲ್ಲಿ ಸದಾ ಪ್ರತಿವಾದಿಗಳು. ಆದ್ದರಿಂದ ಭಾರತದಲ್ಲಿ ಕುಳಿತೇ ಅಮೆರಿಕದ ದಾವೆಗೆ ಕೆಲಸ ಮಾಡುವವರು ಬಹಳ ಮಂದಿ ಇದ್ದಾರೆ.

ಇಲ್ಲಿ ಎದುರು ಪಕ್ಷದ ಒಳಗಿನ ಕಾಗದಗಳನ್ನು ಕೇಳಿ ಪಡೆಯುವ ಹಕ್ಕು ವಿಸ್ತಾರವಾದದ್ದು. ಲ್ಯಾಬ್ ನೋಟ್‌ಬುಕ್, ಇಮೇಲ್, ಆವಿಷ್ಕಾರಕರನ್ನು ಪ್ರಮಾಣ ಮಾಡಿಸಿ ಇಡೀ ದಿನ ಪ್ರಶ್ನಿಸುವುದು, ಎಲ್ಲವೂ ಉಂಟು. ತುಂಗಾತೀರ ಮೇಡಂ ಹೇಳಿದ ಓದುವ ಕೆಲಸ ಇಲ್ಲಿ ನೂರು ಪಟ್ಟು. 2023ರಲ್ಲಿ ಆಮ್ಜೆನ್ ಮತ್ತು ಸನೋಫಿ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟು, ಕೆಲವು ಪ್ರತಿಕಾಯಗಳನ್ನು ಮಾತ್ರ ವಿವರಿಸಿ ಅದೇ ಕೆಲಸ ಮಾಡುವ ಎಲ್ಲ ಪ್ರತಿಕಾಯಗಳ ಮೇಲೆ ಹಕ್ಕು ಕೇಳುವಂತಿಲ್ಲ ಎಂದಿತು. ಪ್ರೋಟೀನ್ ವಿಭಾಗದವರು ಅದನ್ನು ತಪ್ಪದೇ ಓದಬೇಕು.

ಬೆಣ್ಣೆನಗರಿ:
ಇಷ್ಟು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹೇಮಾವತಿಯವರ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ ಪ್ರವೇಶ ಪರೀಕ್ಷೆ ಯಾವಾಗ ಎಂದು ಕೇಳಿದರು. ತುಂಗಾತೀರ ಮೇಡಂ, ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ತುಂಗಾತೀರ:
ಜಿಗಣಿ ರಸ್ತೆಯವರ ಮಾತನ್ನು ಅರ್ಧ ಒಪ್ಪುತ್ತೇನೆ. ಎರಡೂ ಕಡೆ ಪ್ರಾಮಾಣಿಕವಾಗಿ ಕೆಲಸ ಮಾಡಬಹುದು, ನಿಜ. ಆದರೆ ಎಲ್ಲ ಪೇಟೆಂಟ್‌ಗಳೂ ಒಂದೇ ತೂಕದವಲ್ಲ. ಹೊಸ ಅಣುವಿನ ಪೇಟೆಂಟನ್ನು ನಾನು ಮನಃಪೂರ್ವಕ ಕಾಯುತ್ತೇನೆ. ಅದೇ ಅಣುವಿನ ಲವಣ, ಸ್ಫಟಿಕ, ಡೋಸ್ ಎಂದು ಅವಧಿಯನ್ನು ಎಳೆಯುತ್ತ ಹೋಗುವ ಅರ್ಜಿಗಳನ್ನು ವಹಿಸಿಕೊಳ್ಳುವ ಮೊದಲು ದತ್ತಾಂಶ ಕೇಳುತ್ತೇನೆ. ಅದು ಇಲ್ಲದಿದ್ದರೆ ಬೇಡವೆನ್ನುತ್ತೇನೆ. ಜೂನಿಯರ್ ಆಗಿ ನಿಮಗೆ ಆ ಆಯ್ಕೆ ಇರುವುದಿಲ್ಲ. ಕಚೇರಿಗೆ ಬಂದ ಕೇಸನ್ನು ಮಾಡಬೇಕಾಗುತ್ತದೆ. ಆದ್ದರಿಂದ ಯಾರ ಕಚೇರಿಗೆ ಸೇರುತ್ತೀರಿ ಎಂಬುದನ್ನು ಸಂಬಳಕ್ಕಿಂತ ಹೆಚ್ಚು ಯೋಚಿಸಿ.

ಮೂರನೆಯ ಪಕ್ಷವೂ ಒಂದಿದೆ ಎಂಬುದನ್ನು ಮರೆಯಬೇಡಿ. ಪೇಟೆಂಟ್ ಮಂಜೂರಾಗುವ ಮೊದಲು ಯಾರು ಬೇಕಾದರೂ ಆಕ್ಷೇಪ ಸಲ್ಲಿಸಲು ಸೆಕ್ಷನ್ 25(1) ಅವಕಾಶ ಕೊಡುತ್ತದೆ. ಇಮಾಟಿನಿಬ್ ಅರ್ಜಿಯನ್ನು ವಿರೋಧಿಸಿದವರಲ್ಲಿ ಕ್ಯಾನ್ಸರ್ ರೋಗಿಗಳ ಸಂಸ್ಥೆಯೂ ಇತ್ತು. ಔಷಧಕ್ಕೆ ಬಗ್ಗದ ಕ್ಷಯದ ಔಷಧ ಬೆಡಾಕ್ವಿಲಿನ್‌ನ ಲವಣದ ಮೇಲಿನ ಅರ್ಜಿಯನ್ನು ಕ್ಷಯದಿಂದ ಗುಣವಾದ ಇಬ್ಬರು ಮಹಿಳೆಯರು, ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ, ವಿರೋಧಿಸಿದರು. ಆ ಕಾಯಿಲೆಯ ಹಳೆಯ ಔಷಧಗಳ ವಿಷದಿಂದ ಇಬ್ಬರೂ ಶ್ರವಣಶಕ್ತಿ ಕಳೆದುಕೊಂಡವರು. 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. ಅಂಥ ಆಕ್ಷೇಪಣೆ ಬರೆಯಲು ವಿಜ್ಞಾನವನ್ನೂ ಕಾನೂನನ್ನೂ ಬಲ್ಲವರು ಬೇಕು. 2024ರ ನಿಯಮ ತಿದ್ದುಪಡಿಯ ನಂತರ ಅದಕ್ಕೂ ಶುಲ್ಕವಿದೆ, ಆಕ್ಷೇಪಣೆ ನಿಲ್ಲುವಂಥದ್ದೇ ಎಂದು ಪೇಟೆಂಟ್ ನಿಯಂತ್ರಕರು ಮೊದಲೇ ನೋಡುತ್ತಾರೆ. ಆದ್ದರಿಂದ ಕಾಟಾಚಾರಕ್ಕೆ ಬರೆದದ್ದು ಬಾಗಿಲಲ್ಲೇ ನಿಲ್ಲುತ್ತದೆ. ವರ್ಷಕ್ಕೆ ಒಂದಾದರೂ ಇಂಥ ಕೆಲಸವನ್ನು ಶುಲ್ಕ ಪಡೆಯದೆ ಮಾಡುವ ವಕೀಲರು ನಮ್ಮಲ್ಲಿ ಇದ್ದಾರೆ, ಅವರನ್ನು ಹುಡುಕಿಕೊಳ್ಳಿ.

ಪೇಟೆಂಟ್ ಇದ್ದರೂ ಬೇರೆಯವರು ಔಷಧ ತಯಾರಿಸಲು ಬಿಡುವ ಕಡ್ಡಾಯ ಪರವಾನಗಿಯ ಆದೇಶವನ್ನೂ ಓದಿ. 2012ರ ಮಾರ್ಚಿನಲ್ಲಿ ಪೇಟೆಂಟ್ ನಿಯಂತ್ರಕ ಪಿ.ಎಚ್. ಕುರಿಯನ್ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧ ಸೊರಾಫೆನಿಬ್ ಮೇಲೆ ನ್ಯಾಟ್ಕೋಗೆ ಕೊಟ್ಟದ್ದು. ತಿಂಗಳಿಗೆ 2,80,000 ರೂಪಾಯಿ ದಾಟಿದ್ದ ಔಷಧವನ್ನು 8,880ಕ್ಕೆ ಮಾರಲು ಅನುಮತಿ. ಬೇಯರ್ ತಾನೇ ಕೊಟ್ಟ ಮಾರಾಟದ ಲೆಕ್ಕದಿಂದಲೇ ಔಷಧ ತಲುಪಿದ್ದು ಶೇಕಡಾ 2ರಷ್ಟು ರೋಗಿಗಳಿಗೆ ಎಂದು ನಿಯಂತ್ರಕರು ಹೇಗೆ ತೋರಿಸಿದರು ಎಂಬುದನ್ನು ಗಮನಿಸಿ.

ಬೆಣ್ಣೆನಗರಿ:
ಎಲ್ಲಿಂದ ಶುರು ಮಾಡಲಿ ಮೇಡಂ? ತರಗತಿಗಳು ಆರಂಭವಾಗಲು ಇನ್ನೂ ಸಮಯವಿದೆ.

ತುಂಗಾತೀರ:
2013ರ ಇಮಾಟಿನಿಬ್ ತೀರ್ಪಿನಿಂದ. ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಜೊತೆಗೆ ಆ ಪೇಟೆಂಟ್ ಅರ್ಜಿಯ ವಿವರಣೆಯನ್ನೂ ಜಿಮ್ಮರ್‌ಮನ್ ಪೇಟೆಂಟನ್ನೂ ಇಳಿಸಿಕೊಳ್ಳಿ. ಮೂರನ್ನೂ ಮೇಜಿನ ಮೇಲೆ ಹರಡಿ, ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ, ಶಾಲೆಯಲ್ಲಿಯೇ ಜೀವಶಾಸ್ತ್ರ ಬಿಟ್ಟ ಒಬ್ಬ ನ್ಯಾಯಾಧೀಶರಿಗಾಗಿ ಎರಡು ಪುಟ ಬರೆಯಿರಿ: ಫ್ರೀ ಬೇಸ್ ಎಂದರೇನು, ಲವಣ ಎಂದರೇನು, ಸ್ಫಟಿಕ ರೂಪ ಬದಲಾದರೆ ಔಷಧದಲ್ಲಿ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ. ದೆಹಲಿ ಹೈಕೋರ್ಟಿನ 2022ರ ಪೇಟೆಂಟ್ ದಾವೆ ನಿಯಮಗಳಲ್ಲಿ ಇಂಥ ತಾಂತ್ರಿಕ ಪರಿಚಯ ಟಿಪ್ಪಣಿಗೆ ಅವಕಾಶವೇ ಇದೆ. ಅದನ್ನು ಚೆನ್ನಾಗಿ ಬರೆಯುವ ಜೂನಿಯರ್‌ಗಳು ನನ್ನ ಕಚೇರಿಯಲ್ಲಿ ಯಾವಾಗಲೂ ಕಡಿಮೆ. ಮೊದಲು ಕನ್ನಡದಲ್ಲಿ ಬರೆದು ಅಪ್ಪನಿಗೆ ಓದಿ ಹೇಳಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ಗುರುತು ಹಾಕಿ, ತಿದ್ದಿ, ನಂತರ ಇಂಗ್ಲಿಷಿನಲ್ಲಿ ಬರೆದು ನನಗೆ ಇಲ್ಲಿಯೇ ಖಾಸಗಿ ಸಂದೇಶದಲ್ಲಿ ಕಳುಹಿಸಿ. ರಜೆಯಲ್ಲಿ ಓದಿ ಗುರುತು ಹಾಕಿ ಕೊಡುತ್ತೇನೆ.